ಪಡುವಣ ಬಾಗಿಲ ಹಲಗೆ

ಕ್ಯಾಡ್ಮಿಯಂ ಆರೆಂಜ್ ಐತೇನ್ರಿ ಅಂತ ಕೇಳಿದಳು
ಧಾರವಾಡದಿಂದ ಬಸ್ಸು ಹತ್ತಿ ಬಂದ ಹುಡುಗಿ,
ಉಗುರ ಸಂದಿಯಲ್ಲಿ ನಿನ್ನೆಯ ನೀಲಿ.
ಹೆಬ್ಬೆರಳಷ್ಟು ಟ್ಯೂಬು. ರೊಕ್ಕ ಹೇಳಿದೆ.
ತಿರುಗಿಸಿ ನೋಡಿ ಮೆಲ್ಲಗೆ ಕೆಳಗಿಟ್ಟಳು:
ಅಗ್ಗದ್ದ ಕೊಡ್ರಿ ಕಾಕಾ, ಕಿತ್ತಳೆ ಅಂದ್ರ ಕಿತ್ತಳೆ ಅಲ್ಲೇನ್ರಿ.

ಬಾರವಾ, ಹಿಂದಿನ ಬಾಗಿಲಿಗೆ ಬಾ.
ದುರ್ಗದಬೈಲಿನ ಗದ್ದಲ ಇಲ್ಲಿಗೆ ಅರ್ಧ ಕೇಳುತ್ತದೆ.
ಇಲ್ಲೊಂದು ಹಲಗೆ, ಮಧ್ಯಾಹ್ನ ಎರಡರ ಮೇಲೆ ಬಿಸಿಲು ಬೀಳುವ ಕಡೆ,
ಎರಡು ಮೊಳೆ ಹೊಡೆದು ತೂಗುಹಾಕಿದ್ದು.
ಪಟ್ಟಿ ಪಟ್ಟಿಯ ಕೆಳಗೂ ಪೆನ್ಸಿಲ್ಲಿನ ತಾರೀಖು.

ಇದು ಮುತ್ತುಗದ ಹೂ. ಹೋಳಿಯ ಹಿಂದಿನ ದಿನ
ಕುದಿಸಿ ಸೋಸಿ ಬಳಿದದ್ದು.
ಏನೂ ಕಾಣುತ್ತಿಲ್ಲವೇ? ಯುಗಾದಿಗೆ ನನಗೂ ಕಾಣಲಿಲ್ಲ.
ಇದು ಬ್ಯಾಡಗಿ ಮೆಣಸಿನಕಾಯಿ, ಎಣ್ಣೆಯಲ್ಲಿ ಬಿಟ್ಟ ಬಣ್ಣ;
ಸಾರಿನಲ್ಲಿ ಸಾಹುಕಾರ,
ಬಿಸಿಲಿನಲ್ಲಿ ಉಳಿದದ್ದು ಎಣ್ಣೆಯ ಕಲೆಯಷ್ಟೇ.

ಇದು ಮನಶ್ಶಿಲೆ. ವೈದ್ಯರೊಬ್ಬರ ಡಬ್ಬಿಯಿಂದ ಚಿಟಿಕೆ ತಂದದ್ದು.
ಮುಟ್ಟಬೇಡ, ಒಳಗೆ ಪಾಷಾಣವಿದೆ.
ಹಿಂದೆಲ್ಲ ಚಿತ್ರದ ದೇವರ ಧೋತರಕ್ಕೆ ಇದನ್ನೇ ಅರೆಯುತ್ತಿದ್ದರಂತೆ.
ಕತ್ತಲಲ್ಲಿ ಕೆಂಡ; ಬೆಳಕು ಕಂಡರೆ
ಹಳದಿಯಾಗಿ, ಪುಡಿಯಾಗಿ, ಉದುರಿ ಹೋಗುತ್ತದೆ
ಮನೆಯ ಗುಟ್ಟು ಓಣಿಗೆ ಬಿದ್ದ ಹಾಗೆ.

ನಮ್ಮವ್ವನ ಬಾಯಲ್ಲಿ ಈ ಬಣ್ಣಕ್ಕೊಂದು ಹೆಸರೇ ಇರಲಿಲ್ಲ.
ಸೀರೆಯಾದರೆ ಕೇಸರಿ, ಗೋಡೆಯಾದರೆ ಕಾವಿ,
ಹಣೆಯಾದರೆ ಸಿಂಧೂರ.
ಕಿತ್ತಳೆ ಅಂದರೆ ಅವಳಿಗೆ ಸುಲಿದು ತಿನ್ನುವುದು.

ಈ ಕರಿ ಪಟ್ಟಿ?
ಅದೂ ಕಿತ್ತಳೆಯೇ ಆಗಿತ್ತು. ಕಣ್ಣು ಕುಕ್ಕುವಷ್ಟು.
ಸೀಸವನ್ನು ದಿನಗಟ್ಟಲೆ ಹುರಿದರೆ ಬರುವ ಸಿಂಧೂರ.
ಮಾರುತಿಸಾ ಕಾಟವೆ ಬಳಿದದ್ದು, ರೇಲ್ವೆ ವರ್ಕ್‌ಶಾಪಿನ ಪೇಂಟರ್,
ನನಗೆ ಬ್ರಷ್ ಹಿಡಿಯಲು ಕಲಿಸಿದವರು.
ವ್ಯಾಗನ್ನುಗಳ ಹೊಟ್ಟೆಗೆ ಇದೇ ಮೊದಲ ಕೋಟು:
ಕಬ್ಬಿಣದೊಳಗಿನ ಕಿತ್ತಳೆ ಹೊರಗೆ ಬಾರದ ಹಾಗೆ
ಹೊರಗಿನಿಂದ ಒಂದು ಕಿತ್ತಳೆ.
ಅದರ ಮೇಲೆ ಬೇರೆ ಬಣ್ಣ, ಬೇರೆಯವರ ಕೈ.
ಶನಿವಾರ ಬುತ್ತಿಯ ಡಬ್ಬಿಯಲ್ಲಿ ಒಂದು ಮುಷ್ಟಿ ಪುಡಿ
ಗೇಟಿನ ಹನುಮಪ್ಪನಿಗೆ.
ಅವನ ಹೆಸರ ನನಗ ಇಟ್ಟಾರ, ನನ್ನ ಬಣ್ಣ ಅವಗ ಹಚ್ತೀನಿ,
ಲೆಕ್ಕ ಬರೋಬ್ಬರಿ, ಅನ್ನೋರು.

ಗಟಾರದ ಹವೆ ತಾಗಿ ಪಟ್ಟಿ ಕಪ್ಪಾಯಿತು.
ಅದಕ್ಕೂ ಮೊದಲು ಅವರ ವಸಡಿನ ಮೇಲೊಂದು ನೀಲಿ ಗೆರೆ.
ಆಮೇಲೆ ಬಲಗೈ ಮಣಿಕಟ್ಟು
ನೀರಿಲ್ಲದ ಬಳ್ಳಿಯ ಹಾಗೆ ಜೋತುಬಿತ್ತು.
ಚಹಾದ ಬಸಿಯನ್ನು ಎಡಗೈಯಲ್ಲಿ ಎತ್ತುತ್ತ
ಕಬ್ಬಣಕ್ಕ ಒಳ್ಳೇದ ಮಾಡ್ತದ, ಮನಷ್ಯಾಗ ಆಗೂದಿಲ್ಲ, ಅಂದರು.
ದೂರು ಇರಲಿಲ್ಲ ದನಿಯಲ್ಲಿ. ಎಷ್ಟು ಎಣ್ಣೆಗೆ ಎಷ್ಟು ಪುಡಿ
ಅಂತ ಹೇಳುವಾಗಿನ ದನಿಯೇ ಇತ್ತು.

ನೀನು ಕೇಳಿದ್ದು ಇದು, ನೋಡು. ಹನ್ನೊಂದು ವರ್ಷ,
ಮಳೆ ತಾಗಿದ ಅಂಚೊಂದು ಕೊಂಚ ಮಾಸಿದೆ, ಉಳಿದದ್ದು ಹಚ್ಚಿದ ದಿನದ ಹಾಗೇ.
ವಿಷ ಇದರಲ್ಲೂ ಇದೆ, ಬ್ರಷ್ಷಿನ ತುದಿ ಬಾಯಿಗಿಡಬೇಡ.
ಅಗ್ಗದ್ದು ಆ ಪಕ್ಕದ್ದು: ಎರಡನೆಯ ಬೇಸಿಗೆಗೇ
ಒಗೆದೊಗೆದು ಬಿಳಚಿದ ಸಾಲಿ ರಿಬ್ಬನ್ನು.

ಹುಡುಗಿ ಕೇಳುತ್ತಿರಲಿಲ್ಲ.
ಹಲಗೆಯ ಮೇಲಂಚಿಗೆ ಬೆರಳು ತೋರಿಸಿದಳು:
ಇದ ಯಾವುದ್ರೀ? ಇದಕ್ಕ ತಾರೀಖ ಇಲ್ಲ.

ಮೊಳೆ.
ಯಾರೂ ಬಳಿಯದೆ, ಮಳೆಗಾಲಕ್ಕೊಂದಿಷ್ಟು ಇಳಿದು
ಮುತ್ತುಗವನ್ನು, ಮೆಣಸಿನಕಾಯಿಯನ್ನು ದಾಟಿ
ಮಾರುತಿಸಾ ಅವರ ಕರಿ ಪಟ್ಟಿಯ ತನಕ ಬಂದಿದೆ.
ಕಪ್ಪತಗುಡ್ಡದ ಕಾವಿಗೆ ದಾಯಾದಿ,
ಯಾವ ಬಿಸಿಲಿಗೂ ಜಗ್ಗುವುದಿಲ್ಲ.
ಇದಕ್ಕೆ ಟ್ಯೂಬಿಲ್ಲವಾ, ರೇಟೂ ಇಲ್ಲ.

ಅವಳು ಉಗುರಿನಿಂದ ತುಸು ಕೆರೆದು
ಅಂಗೈಯಲ್ಲಿ ಒಂದು ಹನಿ ನೀರು ಹಾಕಿ
ತಿಕ್ಕಿ ನೋಡುತ್ತ ನಿಂತಳು.